ಬೀಡಿನ ಬ್ರಿಜ್ಜು, ಅರ್ಧ ಪೆನ್ನಿ ಟೋಲು

ನಮ್ಮಕ್ಕನ ಮಗ ಐರ್ಲೆಂಡಿನ ಡಬ್ಲಿನ್‌ನ್ಯಾಗ ಕೆಲಸಕ್ಕದಾನ. ಹ್ವಾದ ವಾರ ಒಂದ್ ಫೋಟೋ ಕಳಿಸಿದ್ದ, ಲಿಫಿ ಹೊಳಿ ಮ್ಯಾಲ ಬಿಲ್ಲಿನಂಗ ಬಾಗಿದ್ದ ಬೆಳ್ಳನ್ನ ಹಾ'ಪೆನ್ನಿ ಬ್ರಿಜ್ಜು, ದಾಟಿ ರಸ್ತೆ ಆಚೆ ಹ್ವಾದ್ರ ಕಲ್ಲಿನ ಕಟ್ಟಡದ ಹೊಟ್ಟ್ಯಾಗ ಒಂದ್ ಕಮಾನು, ಅದರಾಗ ಹಾದ್ರ ಟೆಂಪಲ್ ಬಾರ್ ಓಣಿ. 'ಮಾಮಾ, ನಡ್ಯಾವ್ರಿಗಷ್ಟ ಇರೋ ಬ್ರಿಜ್ಜು, ಸಪಾಟ್ ಮಾಡೂದ್ ಬಿಟ್ಟು ಯಾಕ್ ಬಗ್ಗಿಸ್ಯಾರ?' ಅಂತ ಕೇಳಿದ್ದ. ಹುಬ್ಬಳ್ಳಿ ಸ್ಟೇಷನ್ನಿನ ಮೆಟ್ಟಲಾ ಹತ್ತಿಳದು ಮೊಣಕಾಲು ಸವಸಿಕೊಂಡಾವಾ ನಾ, ಈ ಪ್ರಶ್ನೆ ಬಿಡಾಂಗಿಲ್ಲ.

ಉತ್ತರ ನಮ್ಮ ಅಡಿಗಿ ಮನ್ಯಾಗನ ಐತಿ. ಬೀಡಿನ, ಅಂದ್ರ ಎರಕದ ಕಬ್ಬಿಣದ, ಹಂಚು ಕೈ ಜಾರಿ ಬಿದ್ರ ಎರಡ್ ತುಂಡ್ ಆಗತೈತಿ, ತಗಡಿನ ತವಾ ಬಿದ್ರ ಬರೇ ನೆಗ್ಗತೈತಿ. ಬೀಡು ಒತ್ತಿದ್ರ ಎಷ್ಟರೆ ತಡಕೊಂತೈತಿ, ಜಗ್ಗಿದ್ರ ಟಪ್ಪಂತ ಹೋಗತೈತಿ. ಸಪಾಟ್ ತೊಲಿ ಮ್ಯಾಲ ಭಾರ ಬಿದ್ರ ಅದರ ಕೆಳಮೈ ಜಗ್ಗತೈತಿ, ಕಮಾನಿನ್ಯಾಗ ಹಂಗಿಲ್ಲ, ಭಾರೆಲ್ಲಾ ಒತ್ತಿಕೊಂಡು ಎರಡೂ ದಂಡಿಗೆ ಇಳೀತೈತಿ. ಈ ಬ್ರಿಜ್ಜ್ ಕಟ್ಟಿದ 1816ರಾಗ ಅಗ್ಗ ಸಿಗತಿದ್ದಿದ್ದು ಬೀಡು, ಹಿಂಗಾಗಿ ಕಮಾನು. ಈ ಲೆಕ್ಕ ಮರತಾವ್ರು ಕೆಟ್ಟಾರ, 1847ರಾಗ ಇಂಗ್ಲೆಂಡಿನ ಡೀ ಹೊಳಿ ಮ್ಯಾಲ ಬೀಡಿನ ತೊಲಿ ಮುರದು ರೈಲು ಬಿದ್ದು ಐದ್ ಮಂದಿ ಸತ್ರು.

ಬ್ರಿಜ್ಜಿನ ಪಕ್ಕೆಲಬು ಎರಕ ಹೊಯ್ದದ್ದು ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನ್ಯಾಗ, ಅಲ್ಲಿಂದ ತುಂಡು ತುಂಡಾಗಿ ಹಡಗಿನ್ಯಾಗ ತಂದು ಜೋಡಿಸ್ಯಾರ. 43 ಮೀಟರ್ ಉದ್ದ, ನಾಲ್ಕ್ ಮೀಟರ್ರೂ ಇಲ್ಲ ಅಗಲ. ಆದ್ರ ಇದನ್ನ ಊರ ಚಂದ ಕಾಣ್ಲಿ ಅಂತ ಯಾರೂ ಕಟ್ಟಲಿಲ್ಲ. ವಿಲಿಯಂ ವಾಲ್ಶ್ ಅನ್ನಾವಾ ಅಲ್ಲಿ ದೋಣಿ ನಡಸ್ತಿದ್ದ, ದೋಣಿ ಹಾಳಾಗಿದ್ವು, 'ರಿಪೇರಿ ಮಾಡು ಇಲ್ಲಾ ಬ್ರಿಜ್ಜ್ ಕಟ್ಟು' ಅಂದ್ರಂತ, ಅಂವಾ ಬ್ರಿಜ್ಜ್ ಕಟ್ಟಿ ನೂರು ವರ್ಷ ಟೋಲ್ ವಸೂಲಿ ಹಕ್ಕು ತಗೊಂಡ. ಈಗ ನಾವ್ ಬಿಓಟಿ ಅಂತೀವಲ್ಲ, ಕಟ್ಟಿದಾವಾನ ಒಂದಿಷ್ಟ್ ವರ್ಷ ವಸೂಲಿ ಮಾಡಿ ಆಮ್ಯಾಲ ಬಿಟ್ಟುಕೊಡೂದು, ಅದ. ದೋಣಿಗೆ ಕೊಡ್ತಿದ್ದ ಅರ್ಧ ಪೆನ್ನಿನ ಬ್ರಿಜ್ಜಿಗೂ ಇಟ್ರು, ಹಿಂಗ ಹಾ'ಪೆನ್ನಿ ಬ್ರಿಜ್ ಅನ್ನೋ ಹೆಸರು ಅಂಟಿತು. ಸರ್ಕಾರಿ ಹೆಸರು ವೆಲ್ಲಿಂಗ್ಟನ್ ಬ್ರಿಜ್ ಇತ್ತು, ಅದನ್ನ ಕೇಳಾವ್ರ್ಯಾರು.

ಎದುರಿನ ಕಮಾನು 1821ರದು. ವ್ಯಾಪಾರಿಗಳ ಸಂಘಕ್ಕ ಫ್ರೆಡರಿಕ್ ಡಾರ್ಲಿ ಕಟ್ಟಿದ ಮರ್ಚೆಂಟ್ಸ್ ಹಾಲು, ಮಂದಿ ಹಾಯಾಕ ಕೆಳಗ ದಾರಿ ಬಿಟ್ಟಾರ. ಕಲ್ಲಿನ ಕಮಾನೂ ಅದ ಲೆಕ್ಕ, ಒತ್ತಿಕೊಂಡ್ ನಿಂತದ್ದು. ನನಗ ಬ್ರಿಜ್ಜಿಗಿಂತ ಇದ ಹೆಚ್ಚ್ ಸೇರತೈತಿ, ಬ್ರಿಜ್ಜಿಳದಾವ್ರು ಸೀದಾ ಕಟ್ಟಡದ ಹೊಟ್ಟ್ಯಾಗ ಹಾದು ಪ್ಯಾಟ್ಯಾಗ ಬೀಳ್ತಾರ.

ಇಷ್ಟೆಲ್ಲಾ ಇದ್ರೂ ಇದನ್ನ ಕೆಡವಬೇಕಂದಾವ್ರಿದ್ರು. ಹ್ಯೂ ಲೇನ್ ಅನ್ನೋ ಚಿತ್ರ ಸಂಗ್ರಾಹಕ ತನ್ನ ಚಿತ್ರಕ್ಕ ಗ್ಯಾಲರಿ ಬೇಕು ಅಂದ, ಇದನ್ನ ಕಿತ್ತು ಹೊಳಿ ಮ್ಯಾಲನ ಗ್ಯಾಲರಿ ಕಟ್ಟೋಣು ಅಂತ ಲುಟಿಯನ್ಸ್ ನಕ್ಷೆ ಬರದ, ನಮ್ಮ ಹೊಸ ದಿಲ್ಲಿ ನಕ್ಷೆ ಬರದ ಲುಟಿಯನ್ಸ್‌ನ. 1913ರಾಗ ಕಾರ್ಪೊರೇಷನ್ನು ಬ್ಯಾಡ ಅಂತು. ಟೋಲು 1919ಕ್ಕ ನಿಂತಿತು, ಬ್ರಿಜ್ಜ್ ಉಳೀತು.

2001ರಾಗ ರಿಪೇರಿ ಮಾಡಿದ್ರು, ಕಟಾಂಜನದ ತುಂಡಿಗೊಂದು ನಂಬರ್ ಹಾಕಿ ಬಿಚ್ಚಿ ಬೆಲ್‌ಫಾಸ್ಟಿಗೆ ಕಳಿಸಿ, ಅದರಾಗ 85 ಪರ್ಸೆಂಟ್ ಹಳೇದನ ಉಳಿಸಿದ್ರು. ಅಷ್ಟ್ ಕಷ್ಟಪಟ್ಟು ಉಳಿಸಿದ ಕಟಾಂಜನಕ್ಕ ಪ್ರೇಮಿಗಳು ಕೀಲಿ ಜಡಿದು ಚಾವಿ ಹೊಳ್ಯಾಗ ಒಗ್ಯಾಕ್ ಹತ್ತಿದ್ರು, ಕೌನ್ಸಿಲ್‌ನವ್ರು ಅವನ್ನ ಕತ್ತರಿಸಿ ತಗಿಸಿದ್ರು.