ಮುಖ ಇಟ್ಟುಕೊಳ್ಳಿ, ವಜ್ರ ಮಾರಿಕೊಳ್ಳಿ: ಅರಸರ ರತ್ನಖಚಿತ ಕಿರುಚಿತ್ರಗಳ ಹಿಂದಿನ ಕಥೆ

1616ರಲ್ಲಿ ಜಹಾಂಗೀರನ ಆಸ್ಥಾನ ಅಜ್ಮೀರಿನಲ್ಲಿತ್ತು. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ವ್ಯಾಪಾರದ ಅನುಮತಿಗಾಗಿ ಅಲ್ಲಿ ಕಾದು ಕುಳಿತಿದ್ದ. ಅವನ ಬಳಿ ಇಂಗ್ಲೆಂಡಿನ ಚಿತ್ರಕಾರ ಐಸಾಕ್ ಆಲಿವರ್ ಬರೆದ ಒಂದು ಕಿರುಚಿತ್ರ, ಅಂದರೆ ಪುಟ್ಟ ಮುಖಚಿತ್ರ (ಮಿನಿಯೇಚರ್) ಇತ್ತು. ಇದರ ಸಮಕ್ಕೆ ಬರೆಯುವವರು ಇಲ್ಲಿ ಸಿಗಲಾರರು ಎಂಬುದು ಅವನ ಎಣಿಕೆ. ಜಹಾಂಗೀರ್ ಬಿಡುತ್ತಾನಾ? ತನ್ನ ಚಿತ್ರಕಾರನಿಂದ ಐದು ನಕಲು ಮಾಡಿಸಿದ. ರಾತ್ರಿ ದೀಪದ ಬೆಳಕಿನಲ್ಲಿ ಆರನ್ನೂ ಸಾಲಾಗಿ ಇಟ್ಟು, ನಿನ್ನದು ಯಾವುದು ಹೇಳು ಅಂದ. ರೋ ಸ್ವಲ್ಪ ತಡವರಿಸಿದ. ಕೊನೆಗೆ ಗುರುತಿಸಿದನಾದರೂ ಆ ಹೊತ್ತಿಗೆ ಬಾದಶಹನಿಗೆ ಬೇಕಾದ ಖುಷಿ ಸಿಕ್ಕಿಯಾಗಿತ್ತು.

ಆಮೇಲೆ ಜಹಾಂಗೀರ್ ತನ್ನದೇ ಚಿತ್ರವನ್ನು ಚಿನ್ನದಲ್ಲಿ ಕೂರಿಸಿ, ಕೆಳಗೊಂದು ಮುತ್ತು ತೂಗುಬಿಟ್ಟು, ಚಿನ್ನದ ಸರದ ಸಮೇತ ರೋಗೆ ಕೊಟ್ಟ. ರೋ ವ್ಯಾಪಾರಿಗಳ ಕಡೆಯ ಮನುಷ್ಯ. ಅದರ ಬೆಲೆ ಎಷ್ಟಾಗಬಹುದು ಅಂತ ಲೆಕ್ಕ ಹಾಕಿದ. ಜಾಸ್ತಿಯೇನಲ್ಲ ಅನ್ನಿಸಿತು. ಮುತ್ತೂ ಅಷ್ಟಕ್ಕಷ್ಟೇ. ಆದರೆ ಅವನೇ ಬರೆದಿಟ್ಟ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಬಾದಶಹ ಕೊಡದೆ ಅವನ ಮುಖವನ್ನು ಯಾರೂ ಧರಿಸುವಂತಿರಲಿಲ್ಲ. ದೊಡ್ಡ ದೊಡ್ಡ ಅಮೀರರಿಗೂ ಸಿಗುತ್ತಿದ್ದುದು ಸಣ್ಣ ನಾಣ್ಯದಷ್ಟಗಲದ ಚಿನ್ನದ ಬಿಲ್ಲೆ, ಪೇಟಕ್ಕೆ ಸಿಕ್ಕಿಸಲು ಗೇಣುದ್ದವೂ ಇಲ್ಲದ ಒಂದು ಸರಪಳಿ. ರತ್ನ, ಮುತ್ತು ಬೇಕಿದ್ದರೆ ಅವರೇ ಸ್ವಂತ ಖರ್ಚಿನಲ್ಲಿ ಹಾಕಿಸಿಕೊಳ್ಳಬೇಕು!

ರಾಜನ ಮುಖ ಪುಕ್ಕಟೆ, ಕಲ್ಲಿಗೆ ಕಾಸು. ಇಂಥ ಒಡವೆಗಳನ್ನು ನಾವು ಸಾಮಾನ್ಯವಾಗಿ ಪ್ರೀತಿಯ ನೆನಪಿನ ಕಾಣಿಕೆ ಅಂತಲೇ ನೋಡುತ್ತೇವೆ. ನನಗೇನೋ ಇವು ಮೊದಲು ಲೆಕ್ಕಾಚಾರದ ವಸ್ತುಗಳು, ಆಮೇಲೆ ಪ್ರೀತಿಯವು ಅನ್ನಿಸುತ್ತದೆ.

ಯುರೋಪಿನಲ್ಲಿ ಈ ಕಿರುಚಿತ್ರದ ಕಲೆ ಗಟ್ಟಿಯಾಗಿ ಬೇರು ಬಿಟ್ಟಿದ್ದು 1520ರ ದಶಕದಲ್ಲಿ, ಫ್ರಾನ್ಸ್ ಮತ್ತು ಇಂಗ್ಲೆಂಡಿನ ಅರಮನೆಗಳಲ್ಲಿ. ಮೊದಮೊದಲು ಇದರ ಒಂದು ಕೆಲಸ ಏನು ಗೊತ್ತಾ? ನಮ್ಮಲ್ಲಿ ಸಂಬಂಧ ಕುದುರಿಸುವಾಗ ಹುಡುಗಿಯ ಫೋಟೋ ಕಳಿಸುತ್ತಾರಲ್ಲ, ಅದೇ. 1539ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಹೆಣ್ಣು ಹುಡುಕುವಾಗ ಚಿತ್ರಕಾರ ಹಾನ್ಸ್ ಹೋಲ್ಬೈನ್ ಜರ್ಮನಿಗೆ ಹೋಗಿ ಕ್ಲೀವ್ಸ್‌ನ ಆನ್ ಎಂಬ ರಾಜಕುಮಾರಿಯ ಚಿತ್ರ ಬರೆದ. ಒಂದು ದೊಡ್ಡದು, ಇನ್ನೊಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಚಿಕ್ಕದನ್ನು ಗುಲಾಬಿಯ ಆಕಾರದಲ್ಲಿ ಕೆತ್ತಿದ ದಂತದ ಡಬ್ಬಿಯಲ್ಲಿಟ್ಟಿದ್ದಾರೆ. ಅದು ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಚಿತ್ರ ಹಿಡಿಸಿತು, ಹುಡುಗಿ ಹಿಡಿಸಲಿಲ್ಲ. 1540ರ ಜನವರಿಯಲ್ಲಿ ಮದುವೆ, ಜುಲೈಗೆ ರದ್ದು.

ಮೊದಲನೇ ಎಲಿಜಬೆತ್‌ಳ ಕಾಲಕ್ಕೆ ಚಿತ್ರವೂ ಒಡವೆಯೂ ಒಂದಾದವು. ಅದಕ್ಕೆ ತಕ್ಕ ಆಳೂ ಸಿಕ್ಕಿದ: ನಿಕೋಲಸ್ ಹಿಲಿಯರ್ಡ್. ಅವನು ಕಲಿತದ್ದು ಅಕ್ಕಸಾಲಿಕೆ. ಕರುವಿನ ತೆಳು ಚರ್ಮವನ್ನು ಇಸ್ಪೀಟ್ ಎಲೆಯ ಮೇಲೆ ಅಂಟಿಸಿ, ಅಳಿಲಿನ ಕೂದಲಿನ ಕುಂಚದಲ್ಲಿ ಬರೆಯುತ್ತಿದ್ದ. ಚಿತ್ರದೊಳಗಿನ ಒಡವೆಗೂ ಅಕ್ಕಸಾಲಿಗನ ಬುದ್ಧಿಯೇ. ಬೆಳ್ಳಿಯನ್ನು ಸಣ್ಣ ಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು ಕೊಡುವುದು, ಅದರ ಮೇಲೆ ಬಣ್ಣದ ರಾಳವನ್ನು ಕಾಯಿಸಿದ ಸೂಜಿಯಿಂದ ಒಂದು ಹನಿ ಇಡುವುದು. ಒಣಗಿದರೆ ಥೇಟ್ ಕೆಂಪಿನ ಹರಳು. ಚೌಕಟ್ಟಿನಲ್ಲಿ ಅಸಲಿ ಹರಳು, ರಾಣಿಯ ಮೈಮೇಲೆ ನಕಲಿ ಹರಳು!

ಸ್ಪೇನಿನ ನೌಕಾಪಡೆಯ ಎದುರು ಹೋರಾಡಿದ ಫ್ರಾನ್ಸಿಸ್ ಡ್ರೇಕ್‌ಗೆ ರಾಣಿ ಕೊಟ್ಟ ಪದಕದೊಳಗೆ ಹಿಲಿಯರ್ಡ್ ಬರೆದ ಅವಳ ಮುಖವಿದೆ. ಡ್ರೇಕ್ 1591ರಲ್ಲಿ ತನ್ನ ಚಿತ್ರ ಬರೆಸುವಾಗ ಅದನ್ನು ಸೊಂಟದ ಬಳಿ ಎದ್ದು ಕಾಣುವಂತೆ ತೂಗುಹಾಕಿಕೊಂಡ. ಕೊಡುವವರಿಗೂ ಬೇಕಿದ್ದುದು ಅದೇ ಅಲ್ವಾ? ಥಾಮಸ್ ಲೈಟ್ ಎಂಬಾತನದು ಇನ್ನೂ ತಮಾಷೆಯ ಕಥೆ. ದೊರೆ ಒಂದನೇ ಜೇಮ್ಸ್‌ನ ವಂಶವನ್ನು ಟ್ರಾಯ್ ನಗರದ ಬ್ರೂಟಸ್ ಎಂಬ ಕಟ್ಟುಕಥೆಯ ವೀರನವರೆಗೆ ಎಳೆದು, ದೊಡ್ಡ ವಂಶವೃಕ್ಷ ಬರೆದು 1610ರಲ್ಲಿ ಒಪ್ಪಿಸಿದ. ಅದಕ್ಕೆ ಸಿಕ್ಕ ಬಹುಮಾನ 29 ವಜ್ರಗಳ ಲಾಕೆಟ್, ಒಳಗೆ ಜೇಮ್ಸ್‌ನ ಮುಖ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹೊಗಳಿಕೆಗೆ ಇಷ್ಟು ಒಳ್ಳೆಯ ಕೂಲಿ ಸಿಕ್ಕಿದ್ದು ಅಪರೂಪ.

ಇದನ್ನು ಸರ್ಕಾರಿ ಪದ್ಧತಿಯ ಮಟ್ಟಕ್ಕೆ ಏರಿಸಿದವನು ಫ್ರಾನ್ಸಿನ ಹದಿನಾಲ್ಕನೇ ಲೂಯಿ. ಅವನ ಎನಾಮಲ್ ಮುಖಚಿತ್ರ, ಸುತ್ತ ವಜ್ರ, ಮೇಲೊಂದು ಕಿರೀಟ. ಜಾನ್ ಪೆಟಿಟೋನಂಥ ಕುಶಲಿಗಳು ಮುಖ ಬರೆಯುತ್ತಿದ್ದರು. ಎನಾಮಲ್ ಅಂದರೆ ನಮ್ಮ ಮೀನಾಕಾರಿಯೇ. ಬಣ್ಣ ಹಚ್ಚಿ ಮತ್ತೆ ಮತ್ತೆ ಬೆಂಕಿಯಲ್ಲಿ ಸುಡುವುದು, ಹಾಗಾಗಿ ಮಾಸುವುದಿಲ್ಲ. ಈ ಪದಕಗಳನ್ನು ರಾಯಭಾರಿಗಳಿಗೆ, ಬೇಕಾದವರಿಗೆ ನೂರಾರು ಸಂಖ್ಯೆಯಲ್ಲಿ ಹಂಚಿದರು. ಯಾರಿಗೆ ಎಷ್ಟು ಬೆಲೆಯದು ಎಂಬುದು ಅವರವರ ಅಂತಸ್ತಿನ ಮೇಲೆ. ಪಟ್ಟಿಯೂ ಇರುತ್ತಿತ್ತು. ಪಡೆದವರು ಏನು ಮಾಡಿದರು? ಊರಿಗೆ ಹೋಗಿ ವಜ್ರ ಕೀಳಿಸಿ ಮಾರಿಕೊಂಡರು. ಲಂಚ ಅನ್ನುವಂತಿಲ್ಲ, ಉಡುಗೊರೆ ಅಷ್ಟೇ. ನಗದನ್ನು ನೇರವಾಗಿ ಕೈಗಿಡುವುದಕ್ಕಿಂತ ಇದು ಮರ್ಯಾದಸ್ಥ ದಾರಿ. ವಜ್ರಗಳ ಸಮೇತ ಉಳಿದವು ಇವತ್ತು ಬೆರಳೆಣಿಕೆಯಷ್ಟು. ಒಂದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ಆ ಕಾಲದ ವಜ್ರ ಬಹುಪಾಲು ಹೋಗುತ್ತಿದ್ದುದು ನಮ್ಮ ಕಡೆಯಿಂದಲೇ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿ ಸಿಗುವವರೆಗೆ ಯುರೋಪಿಗೆ ವಜ್ರವೆಂದರೆ ಮುಖ್ಯವಾಗಿ ಭಾರತ, ಅದರಲ್ಲೂ ಗೋಲ್ಕೊಂಡದ ಪೇಟೆಗೆ ಬರುತ್ತಿದ್ದ ಕೃಷ್ಣಾ ಬಯಲಿನ ಕಲ್ಲು. ತೆಳ್ಳಗೆ, ಚಪ್ಪಟೆಯಾಗಿ ಸಿಕ್ಕ ವಜ್ರವನ್ನು ಗಾಜಿನ ಬದಲು ಚಿತ್ರದ ಮೇಲೇ ಮುಚ್ಚುವುದೂ ಉಂಟು. ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಅಂಥದ್ದೊಂದು ಬಳೆಯಿದೆ. ಸುಮಾರು 25 ಕ್ಯಾರೆಟ್‌ನ ಭಾರತದ ವಜ್ರದ ಕೆಳಗೆ ರಷ್ಯಾದ ಚಕ್ರವರ್ತಿ (ಝಾರ್) ಒಂದನೇ ಅಲೆಕ್ಸಾಂಡರ್‌ನ ಮುಖ.

ಇಷ್ಟೆಲ್ಲ ವ್ಯವಹಾರದ ನಡುವೆ ಪ್ರೀತಿ ಎಲ್ಲಿ ಬಂತು? ಮುಖ್ಯವಾಗಿ ಮನೆಯೊಳಗಿನ ಕೊಡುಕೊಳ್ಳುವಿಕೆಯಲ್ಲಿ. 1761ರಲ್ಲಿ ಬ್ರಿಟನ್ನಿನ ದೊರೆ ಮೂರನೇ ಜಾರ್ಜ್ ತನ್ನ ವಧು ಶಾರ್ಲೆಟ್‌ಗೆ ಜೆರೆಮಾಯಾ ಮೇಯರ್ ಬರೆದ ತನ್ನ ಚಿತ್ರ ಕೊಟ್ಟ. 1789ರಲ್ಲಿ ಥಾಮಸ್ ಲಾರೆನ್ಸ್ ರಾಣಿಯ ಚಿತ್ರ ಬರೆದಾಗಲೂ ಅವಳ ಕೈಯ ಮುತ್ತಿನ ಬಳೆಯಲ್ಲಿ ಗಂಡನ ಮುಖ. ಅವನು ಬುದ್ಧಿ ಸ್ವಾಧೀನ ತಪ್ಪಿ, ಆಗಷ್ಟೇ ಚೇತರಿಸಿಕೊಂಡಿದ್ದ ವರ್ಷ ಅದು.

ಅವರ ಮಗನದು ಬೇರೆಯೇ ಪಾಡು. ಮುಂದೆ ನಾಲ್ಕನೇ ಜಾರ್ಜ್ ಆದ ಆ ರಾಜಕುಮಾರ ಮರಿಯಾ ಫಿಟ್ಝ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಗೆ ಮನಸೋತ. ಅಂಥವಳನ್ನು ಮದುವೆಯಾಗಲು ಕಾನೂನು ಬಿಡುವುದಿಲ್ಲ. 1785ರ ನವೆಂಬರಿನಲ್ಲಿ ಪತ್ರದ ಜೊತೆ ತನ್ನ ಒಂದು ಕಣ್ಣಿನ ಚಿತ್ರ ಮಾತ್ರ ಕಳಿಸಿದ. ಪೂರ್ತಿ ಮುಖವಿದ್ದರೆ ಯಾರಾದರೂ ಗುರುತು ಹಿಡಿಯುತ್ತಾರೆ, ಬರೀ ಕಣ್ಣಾದರೆ ತಿಳಿಯಬೇಕಾದವಳಿಗಷ್ಟೇ ತಿಳಿಯುತ್ತದೆ. ಡಿಸೆಂಬರಿನಲ್ಲಿ ಗುಟ್ಟಾಗಿ ಮದುವೆ ನಡೆಯಿತು. ಕಾನೂನಿನ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಹತ್ತು ವರ್ಷದಲ್ಲಿ ಅವನು ಬೇರೆ ರಾಜಕುಮಾರಿಯ ಕೈ ಹಿಡಿದ. ಆದರೆ 1830ರಲ್ಲಿ ಸತ್ತಾಗ ಅವನನ್ನು ಮಣ್ಣು ಮಾಡಿದ್ದು ಮರಿಯಾಳ ಕಿರುಚಿತ್ರ ಕೊರಳಲ್ಲಿ ಇರುವಂತೆಯೇ. ವಜ್ರ ಮಾರಿಕೊಂಡ ರಾಯಭಾರಿಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ವಿಕ್ಟೋರಿಯಾಳಿಗೆ ಇದು ಧೈರ್ಯದ ತಾಯಿತ. 1839ರ ನವೆಂಬರ್ 23ರಂದು ಮಂತ್ರಾಲೋಚನಾ ಸಭೆಯಲ್ಲಿ ತನ್ನ ಮದುವೆ ನಿಶ್ಚಯವಾದ ಸುದ್ದಿ ಓದಬೇಕಿತ್ತು. ಕೈ ನಡುಗುತ್ತಿತ್ತು. ಆ ಕೈಯಲ್ಲೇ ಆಲ್ಬರ್ಟ್‌ನ ಚಿತ್ರವಿದ್ದ ಬಳೆ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ದಾಗೇರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ತಿಳಿಸಿದ್ದ. ಕೆಲವೇ ದಶಕಗಳಲ್ಲಿ ಕಿರುಚಿತ್ರಕಾರರ ಕೈಗೆ ಕೆಲಸ ಕಮ್ಮಿಯಾಯಿತು.

ಅರಮನೆಗಳು ಮಾತ್ರ ಬಿಡಲಿಲ್ಲ. 1898ರ ಈಸ್ಟರ್‌ಗೆ ರಷ್ಯಾದ ಝಾರ್ ಎರಡನೇ ನಿಕೋಲಸ್ ಹೆಂಡತಿಗೆ ಕೊಟ್ಟ, ಫ್ಯಾಬರ್ಜೆ ಎಂಬ ಒಡವೆಗಾರ ಮಾಡಿಸಿದ ಮೊಟ್ಟೆಯಾಕಾರದ ಒಡವೆಯಲ್ಲಿ ಒಂದು ಮುತ್ತನ್ನು ತಿರುಗಿಸಿದರೆ ಅವನ ಮತ್ತು ಇಬ್ಬರು ಹೆಣ್ಣುಮಕ್ಕಳ ಮುಖಗಳು ಮೇಲೇಳುತ್ತವೆ. ಬ್ರಿಟನ್ನಿನಲ್ಲಿ, ಮರಿಯಾಳ ಚಿತ್ರ ಹೊತ್ತು ಹೋದ ಅದೇ ನಾಲ್ಕನೇ ಜಾರ್ಜ್ ಶುರುಮಾಡಿದ ಪದ್ಧತಿ ಇಂದಿಗೂ ಇದೆ. ರಾಜಮನೆತನದ ಹೆಣ್ಣುಮಕ್ಕಳಿಗೆ ದೊರೆಯ ಮುಖವಿರುವ, ವಜ್ರ ಸುತ್ತಿದ ಪದಕ ಸಿಗುತ್ತದೆ. ದೊಡ್ಡ ಔತಣಗಳಲ್ಲಿ ರಿಬ್ಬನ್ ಕಟ್ಟಿ ಎಡಭುಜದ ಬಳಿ ಧರಿಸುತ್ತಾರೆ.

18ನೇ ಶತಮಾನದಿಂದ ಇಂಥ ಚಿತ್ರ ಬರೆಯುತ್ತಿದ್ದುದು ಆನೆ ದಂತದ ತೆಳು ಹಾಳೆಯ ಮೇಲೆ. ಅದಕ್ಕೆ ಈಗ ತಡೆ ಬಿದ್ದಿದೆ. ಬ್ರಿಟನ್ನಿನ ದಂತ ಕಾಯ್ದೆ 2018ರದು, ಜಾರಿಗೆ ಬಂದದ್ದು 2022ರಲ್ಲಿ. ಕಿರುಚಿತ್ರಗಳ ಪೈಕಿ 1918ಕ್ಕಿಂತ ಹಳೆಯವುಗಳ ಮಾರಾಟಕ್ಕೆ ವಿನಾಯಿತಿ, ಅದೂ 320 ಚದರ ಸೆಂಟಿಮೀಟರ್ ಮೀರದಿದ್ದರೆ. ದೊರೆ ಮೂರನೇ ಚಾರ್ಲ್ಸ್‌ನ ಮುಖವಿರುವ ಪದಕವನ್ನು ರಾಣಿ ಕಮಿಲಾ 2024ರ ಜೂನ್‌ನಲ್ಲಿ, ಜಪಾನ್ ಚಕ್ರವರ್ತಿಗೆ ಕೊಟ್ಟ ಔತಣದಲ್ಲಿ ಮೊದಲ ಸಲ ಧರಿಸಿದರು. ವಜ್ರ ಹಾಗೇ ಇದೆ, ಮುಖವನ್ನು ಕೈಯಲ್ಲೇ ಬರೆದಿದ್ದಾರೆ. ಕೆಳಗಿರುವುದು ಪಾಲಿಮಿನ್ ಎಂಬ ಕೃತಕ ಹಾಳೆ.