ಬಾಂಡ್ ಪೇಪರಿನಿಂದ ವಿಚ್ಛೇದನ ಆಗುವುದಿಲ್ಲ

ವಿಚ್ಛೇದನ ಕೇಳಿಕೊಂಡು ವಕೀಲರಾದ ನಮ್ಮ ಬಳಿ ಬರುವ ಹಲವರ ಕೈಯಲ್ಲಿ ಒಂದು ಬಾಂಡ್ ಪೇಪರ್ ಇರುತ್ತದೆ. ಗಂಡ ಹೆಂಡತಿಯ ಸಹಿ, ಎರಡೂ ಕಡೆಯ ಹಿರಿಯರ ಸಹಿ, ಕೆಳಗೆ ನೋಟರಿಯ ಮೊಹರು. ‘ಎಲ್ಲಾ ಮುಗಿದಿದೆ ಸಾರ್, ಕೋರ್ಟಿನದೊಂದು ಸೀಲು ಬಿದ್ದರೆ ಸಾಕು’ ಎನ್ನುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಮುಗಿದದ್ದು ಏನೂ ಇಲ್ಲ. ರೂಢಿಯ ಪ್ರಕಾರದ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆ ಅಲ್ಲಗಳೆದಿಲ್ಲ, ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿದೆ ಎಂದು ಸಾಬೀತು ಮಾಡುವುದು ಸುಲಭದ ಮಾತಲ್ಲ. ಉಳಿದವರಿಗೆಲ್ಲ ಕೋರ್ಟಿನ ಡಿಕ್ರಿಯೇ, ಅಂದರೆ ವಿಚ್ಛೇದನದ ಆದೇಶವೇ ಬೇಕು. ಬಾಂಡ್ ಪೇಪರನ್ನು ನಂಬಿ ಮರುಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದವರೆಗೂ ಜೈಲಾಗಬಹುದು.

ಇಬ್ಬರಿಗೂ ಒಪ್ಪಿಗೆಯಿದ್ದರೆ ದಾರಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಒಂದು ವರ್ಷದಿಂದ ಬೇರೆಯಾಗಿರಬೇಕು, ಕೂಡಿ ಬಾಳಲು ಆಗದಂತಿರಬೇಕು, ಮದುವೆ ಮುರಿಯಲು ಇಬ್ಬರೂ ಒಪ್ಪಿರಬೇಕು. ಬೇರೆ ಇರುವುದೆಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ದಂಪತಿಯಾಗಿ ಬಾಳದಿದ್ದರೆ ಸಾಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮದುವೆ ಎಲ್ಲಿ ನಡೆಯಿತೋ ಅಲ್ಲಿ ಅಥವಾ ಇಬ್ಬರೂ ಕೊನೆಯದಾಗಿ ಎಲ್ಲಿ ಜೊತೆಗಿದ್ದರೋ ಅಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಮದುವೆ ನೋಂದಣಿ ಆಗಿಲ್ಲವೆಂದು ಗಾಬರಿ ಬೇಡ, ಲಗ್ನಪತ್ರಿಕೆ ಮತ್ತು ಫೋಟೋಗಳಿಂದಲೂ ಮದುವೆಯನ್ನು ತೋರಿಸಬಹುದು.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಗೆ ಇನ್ನೊಂದು ಅವಕಾಶವಿರಲಿ ಎಂಬುದು ಇದರ ಉದ್ದೇಶ. ಈ ಗಡುವು ಕಡ್ಡಾಯವಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದಿನಿಂದ ‘ಆರು ತಿಂಗಳು ಮಾಫಿ ಮಾಡಿಸಿ’ ಎಂದೇ ಮಾತು ಶುರುವಾಗುತ್ತದೆ. ಮಾಫಿ ತಾನಾಗಿ ಸಿಗುವುದಿಲ್ಲ. ಬೇರೆಯಾಗಿ ಸಾಕಷ್ಟು ಕಾಲವಾಗಿರಬೇಕು, ಮಧ್ಯಸ್ಥಿಕೆ ಫಲ ಕೊಡದೆ ಹೋಗಿರಬೇಕು, ಜೀವನಾಂಶ, ಮಕ್ಕಳ ಸುಪರ್ದಿ ಎಲ್ಲವೂ ಇತ್ಯರ್ಥವಾಗಿರಬೇಕು.

ಈ ಕೊನೆಯದರಲ್ಲೇ ಹೆಚ್ಚಿನ ಅರ್ಜಿಗಳು ಎಡವುವುದು. ‘ತಂದೆ ಆಗಾಗ ಮಗುವನ್ನು ನೋಡಬಹುದು’ ಎಂದು ಬರೆದುಕೊಂಡು ಬರುತ್ತಾರೆ. ಆಗಾಗ ಎಂದರೆ ಯಾವಾಗ? ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಕರೆದೊಯ್ಯುವವರು ಯಾರು, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಶಾಲೆಯ ಫೀಸು ಯಾರದು, ಪಾಸ್‌ಪೋರ್ಟ್ ಅರ್ಜಿಗೆ ಇಬ್ಬರೂ ಸಹಿ ಹಾಕುತ್ತಾರೋ ಇಲ್ಲವೋ, ಇಷ್ಟನ್ನೂ ಬರೆಸುತ್ತೇನೆ. ಕಕ್ಷಿದಾರರಿಗೆ ಬೇಸರವಾಗುತ್ತದೆ, ಆಗಲಿ. ಒಡವೆಯನ್ನೂ ‘ಸ್ತ್ರೀಧನ ಹಿಂದಿರುಗಿಸಲಾಗಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಬಾರದು. ಸರ, ಬಳೆ, ಓಲೆ, ತೂಕ ಸಮೇತ ಪಟ್ಟಿ ಇರಲಿ.

ವರದಕ್ಷಿಣೆ ಕಿರುಕುಳದ ಕೇಸು ಬಾಕಿಯಿದ್ದರೆ ವಿಚ್ಛೇದನದ ಜೊತೆ ಅದು ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೆ ಹೆಂಡತಿ ಯಾವಾಗ ಬಂದು ಒಪ್ಪಿಗೆ ಕೊಡಬೇಕೆಂಬುದೂ ಒಪ್ಪಂದದಲ್ಲೇ ಇರಬೇಕು.

ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬುದನ್ನು ಮರೆಯುವವರೇ ಹೆಚ್ಚು. ಪೂರ್ತಿ ಹಣ ಮೊದಲೇ ಕೊಟ್ಟವರು ಆಮೇಲೆ ಪರದಾಡುತ್ತಾರೆ, ಏನೂ ಪಡೆಯದೆ ಸಹಿ ಹಾಕಿದವರ ಪಾಡೂ ಅಷ್ಟೇ. ಹಾಗಾಗಿ ಅರ್ಜಿ ಹಾಕುವಾಗ ಒಂದು ಪಾಲು ಕೊಡಿಸುತ್ತೇನೆ. ಉಳಿದದ್ದಕ್ಕೆ ಡಿಡಿ ತಂದು, ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ ಕೈಗಿಟ್ಟು, ಅದರ ನಂಬರನ್ನು ಅಂದಿನ ಆದೇಶದಲ್ಲಿ ದಾಖಲಿಸಿಕೊಳ್ಳಿ.