ಕೆರೆಯ ಹೂಳಿನಲ್ಲಿ ಉಳಿದಿರುವ ಮಳೆ, ಬರ ಮತ್ತು ವಿಷದ ಲೆಕ್ಕ

ಬೇಸಿಗೆಯಲ್ಲಿ ನೀರು ತಳಕ್ಕಿಳಿದೊಡನೆ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿಯ ಪೂರ್ವ ತಾಲೂಕುಗಳ ಕೆರೆಗಳಲ್ಲಿ ಹೂಳೆತ್ತುವ ಕೆಲಸ ಶುರುವಾಗುತ್ತದೆ. ಕೆರೆಯ ಗೋಡು ಮಸಾರಿ ಹೊಲಕ್ಕೆ ಒಳ್ಳೆಯದೆಂದು ರೈತರು ಅದನ್ನು ತಲೆತಲಾಂತರದಿಂದ ಹೇರಿಕೊಂಡು ಹೋಗುತ್ತಿದ್ದಾರೆ; ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್, ಟಿಪ್ಪರ್ ಬಂದಿವೆ ಅಷ್ಟೆ. ನೀರಾವರಿ ಎಂಜಿನಿಯರುಗಳಿಗೆ ಹೂಳೆಂದರೆ ಕಳೆದುಹೋದ ನೀರಿನ ಜಾಗ. ಪಕ್ಕದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105 ಟಿಎಂಸಿಯ ಆಸುಪಾಸಿಗೆ ಇಳಿದದ್ದು ಹೂಳಿನಿಂದಲೇ ಎಂಬುದನ್ನು ನೆನೆದರೆ ಅವರ ಆತಂಕ ಸಹಜವೆಂದು ತಿಳಿಯುತ್ತದೆ. ಈ ಎರಡೂ ದೃಷ್ಟಿಗಳು ಸರಿಯೇ. ಆದರೆ ಇದೇ ಹೂಳು ಈ ಸೀಮೆಯ ಮಳೆ, ಬರ, ಬೆಳೆ ಮತ್ತು ಮಾಲಿನ್ಯಗಳಿಗೆ ನೂರಾರು ವರ್ಷಗಳ ಸಾಕ್ಷಿಯೂ ಆಗಿದೆ, ಮತ್ತು ಒಮ್ಮೆ ಕೆದಕಿದ ಮೇಲೆ ಆ ಸಾಕ್ಷಿ ಮರಳಿ ಸಿಗುವುದಿಲ್ಲ. ಹೂಳನ್ನು ಹಾಗೆ ಓದುವ ವಿದ್ಯೆ ಬೆಳೆದು ಬಂದ ಬಗೆಯನ್ನೂ ಅದು ನಮ್ಮ ಕೆರೆಗಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಹಳ್ಳದ ನೀರು ಕೆರೆಗೆ ಬಂದು ನಿಂತಾಗ ಅದರ ವೇಗ ಸಾಯುತ್ತದೆ. ಮರಳು ಕೆರೆಯ ಬಾಯಿಯಲ್ಲೇ ಉಳಿದರೆ, ಸಣ್ಣ ಜಿಗಟು ಮಣ್ಣು ಒಡ್ಡಿನ ಹತ್ತಿರದ ಆಳದವರೆಗೆ ಹೋಗಿ ನಿಧಾನವಾಗಿ ತಂಗುತ್ತದೆ. ಹಗೇವಿನಲ್ಲಿ ಮೊದಲು ಸುರಿದ ಜೋಳ ತಳದಲ್ಲಿಯೂ ಕೊನೆಗೆ ಸುರಿದದ್ದು ಬಾಯಿಯ ಬಳಿಯೂ ಇರುವಂತೆ, ಹಳೆಯ ಮಣ್ಣು ಕೆಳಗೆ, ಹೊಸದು ಮೇಲೆ. ಮಣ್ಣಿನ ಜೊತೆಗೆ ಗಿಡಮರಗಳ ಪರಾಗ, ಹೊಲ ಸುಟ್ಟ ಇದ್ದಿಲಿನ ಕಣ, ನೀರಿನಲ್ಲಿಯೇ ಬದುಕಿ ಸತ್ತ ಡಯಾಟಮ್ ಎಂಬ ಪಾಚಿಗಳ ಗಾಜಿನಂಥ ಚಿಪ್ಪು, ಗಾಳಿಯಿಂದ ಇಳಿದ ಸೀಸ ಮತ್ತು ಮಸಿ, ಹೊಲದಿಂದ ಹರಿದು ಬಂದ ಗೊಬ್ಬರ ಮತ್ತು ಕೀಟನಾಶಕದ ಅಂಶ, ಎಲ್ಲವೂ ಅದೇ ಪದರಿನಲ್ಲಿ ಸೇರಿಕೊಳ್ಳುತ್ತವೆ. ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ, ಪದರು ಕದಡದಂತೆ ಮೇಲೆತ್ತಿ, ಅರ್ಧ ಅಥವಾ ಒಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿದರೆ ಪ್ರತಿಯೊಂದು ಬಿಲ್ಲೆಯೂ ಒಂದೊಂದು ಕಾಲದ ಮಾದರಿಯಾಗುತ್ತದೆ.

ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಜೌಗು ನೆಲದ ಪದರುಗಳಲ್ಲಿರುವ ಪರಾಗಗಳನ್ನು ಎಣಿಸಿ, ಯಾವ ಆಳದಲ್ಲಿ ಯಾವ ಮರ ಹೆಚ್ಚು ಎಂಬುದನ್ನು ನಕ್ಷೆಯಾಗಿ ತೋರಿಸಿದರು. ಕಾಡು ಬದಲಾದ ಕ್ರಮ ಅದರಿಂದ ತಿಳಿಯಿತಾದರೂ ಬದಲಾದದ್ದು ಯಾವಾಗ ಎಂದು ಹೇಳುವ ಸಾಧನವಿರಲಿಲ್ಲ. 1949ರಲ್ಲಿ ವಿಲ್ಲಾರ್ಡ್ ಲಿಬ್ಬಿ ಮತ್ತು ಸಂಗಡಿಗರು ಕಾರ್ಬನ್-14ರಿಂದ ಕಾಲ ನಿರ್ಣಯಿಸುವ ವಿಧಾನವನ್ನು ತೋರಿಸಿಕೊಟ್ಟ ಮೇಲೆ ಆ ಕೊರತೆ ಬಹಳಷ್ಟು ನೀಗಿತು. ಆದರೆ 5,730 ವರ್ಷಗಳ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ) ಇರುವ ಕಾರ್ಬನ್-14 ಸಾವಿರಾರು ವರ್ಷಗಳ ಲೆಕ್ಕಕ್ಕೆ ಒದಗುತ್ತದೆಯೇ ಹೊರತು, ಕಾರ್ಖಾನೆಗಳೂ ಮೋಟಾರುಗಳೂ ಬಂದ ಕಳೆದ ನೂರೈವತ್ತು ವರ್ಷಗಳನ್ನು ಬಿಡಿಸಿ ನೋಡಲು ಸಾಲದು.

ಈ ತೊಡಕನ್ನು ಬಿಡಿಸಿದ್ದರಲ್ಲಿ ಭಾರತೀಯರ ಪಾಲು ದೊಡ್ಡದು, ಅದನ್ನು ನಾವು ನೆನೆಯುವುದು ಕಡಿಮೆ. ನೆಲದಿಂದ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸುತ್ತ ಸೀಸ-210 ಆಗಿ, ಮಳೆ ಮತ್ತು ಧೂಳಿನ ಜೊತೆ ಕೆರೆಗೆ ಇಳಿಯುತ್ತದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಪದರಿನಲ್ಲಿ ಅದು ಎಷ್ಟು ಉಳಿದಿದೆ ಎಂದು ಅಳೆದರೆ ಕಳೆದ ನೂರರಿಂದ ನೂರೈವತ್ತು ವರ್ಷಗಳ ಲೆಕ್ಕ ಸಿಗುತ್ತದೆ. 1963ರಲ್ಲಿ ಗೋಲ್ಡ್‌ಬರ್ಗ್ ಅವರು ಹಿಮದ ಕಾಲನಿರ್ಣಯಕ್ಕೆಂದು ಸೂಚಿಸಿದ ಈ ವಿಧಾನವನ್ನು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಅವರು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳೊಡನೆ ಸೇರಿ 1971ರಲ್ಲಿ ಕೆರೆಯ ಹೂಳಿಗೆ ಅನ್ವಯಿಸಿ ತೋರಿಸಿದರು. ಇಂದು ಜಗತ್ತಿನಾದ್ಯಂತ ಕೆರೆಗಳ ಇತ್ತೀಚಿನ ಇತಿಹಾಸವನ್ನು ಓದುವವರು ಮೊದಲು ಕೈಹಾಕುವುದು ಈ ವಿಧಾನಕ್ಕೇ. ಅದರ ಲೆಕ್ಕವನ್ನು ತಾಳೆ ನೋಡಲು ಸೀಸಿಯಂ-137 ಇದೆ. ಅಣುಬಾಂಬ್ ಪರೀಕ್ಷೆಗಳ ಧೂಳಿನಲ್ಲಿದ್ದ ಈ ಧಾತು 1963ರ ಸುಮಾರಿನಲ್ಲಿ ಅತಿ ಹೆಚ್ಚಾಗಿ ಇಳಿಯಿತು. ಅದೇ ವರ್ಷ ವಾತಾವರಣದಲ್ಲಿ ಪರೀಕ್ಷೆ ನಿಲ್ಲಿಸುವ ಒಪ್ಪಂದವಾದ ಬಳಿಕ ಕುಗ್ಗಿತು. ಉತ್ತರದ ದೇಶಗಳಿಗೆ ಹೋಲಿಸಿದರೆ ನಮ್ಮ ಅಕ್ಷಾಂಶದಲ್ಲಿ ಅದು ಬಿದ್ದದ್ದು ಕಡಿಮೆ, ಆದುದರಿಂದ ಗುರುತು ಮಸುಕಾಗಿರುತ್ತದೆ.

ಹೂಳು ನಿಜವಾಗಿ ಸಾಕ್ಷಿ ಕಟ್ಟೆಗೆ ಬಂದದ್ದು 1980ರ ದಶಕದಲ್ಲಿ, ಆಮ್ಲ ಮಳೆಯ ವಿವಾದದಲ್ಲಿ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಸರೋವರಗಳಲ್ಲಿ ಮೀನು ಕಾಣದಾದಾಗ, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹೊಗೆಯೇ ಕಾರಣವೆಂದು ಒಂದು ಪಕ್ಷವೂ, ಗುಡ್ಡಗಳಲ್ಲಿ ಶಂಕುಮರಗಳ ನೆಡುತೋಪು ಬಂದದ್ದು ಕಾರಣವೆಂದು ಇನ್ನೊಂದು ಪಕ್ಷವೂ ವಾದಿಸುತ್ತಿದ್ದವು. ಡಯಾಟಮ್‌ಗಳಲ್ಲಿ ಕೆಲವು ಜಾತಿಗಳು ಹುಳಿ ನೀರಿನಲ್ಲಿ ಮಾತ್ರ, ಕೆಲವು ಹುಳಿಯಿಲ್ಲದ ನೀರಿನಲ್ಲಿ ಮಾತ್ರ ಬದುಕುತ್ತವೆ. ರಿಕ್ ಬ್ಯಾಟರ್‌ಬಿ ಮತ್ತು ಸಂಗಡಿಗರು, ನೆಡುತೋಪು ಇಲ್ಲದ ರೌಂಡ್ ಲಾಕ್ ಆಫ್ ಗ್ಲೆನ್‌ಹೆಡ್ ಎಂಬ ಸರೋವರದ ಹೂಳಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಹುಳಿ ಏರುತ್ತ ಬಂದದ್ದನ್ನು ಈ ಚಿಪ್ಪುಗಳಿಂದಲೇ ತೋರಿಸಿದರು. ಯಾರೂ ನೀರನ್ನು ಅಳೆಯದಿದ್ದ ಕಾಲದ ನೀರಿನ ಗುಣವನ್ನು ಹೀಗೆ ಮರಳಿ ಪಡೆಯಬಹುದು ಎಂಬುದೇ ಇಲ್ಲಿ ಮುಖ್ಯವಾದದ್ದು. 1994ರಲ್ಲಿ ಇಂಗೆಮಾರ್ ರೆನ್‌ಬರ್ಗ್ ಮತ್ತಿತರರು ಸ್ವೀಡನ್ನಿನ ಸರೋವರಗಳ ಹೂಳಿನಲ್ಲಿ 2,000 ವರ್ಷಗಳಿಗೂ ಹಿಂದಿನ ಸೀಸದ ಮಾಲಿನ್ಯವನ್ನು ಗುರುತಿಸಿದರು. ಗ್ರೀಕರ ಮತ್ತು ರೋಮನ್ನರ ಗಣಿ-ಕುಲುಮೆಗಳ ಹೊಗೆ ಅಲ್ಲಿಯವರೆಗೆ ಹೋಗಿತ್ತು.

ಭಾರತದಲ್ಲಿ ಈ ಬಗೆಯ ಅಧ್ಯಯನ ಹೆಸರಾದದ್ದು ರಾಜಸ್ಥಾನದ ಉಪ್ಪುಕೆರೆಗಳಿಂದ. ಸಾಂಭರ್, ಡೀಡ್ವಾನಾ, ಲೂಣಕರಣಸರ್‌ಗಳ ಪರಾಗಗಳನ್ನು ಪರಿಶೀಲಿಸಿದ ಗುರುದೀಪ್ ಸಿಂಗ್ ಮತ್ತು ಸಂಗಡಿಗರು 1970ರ ದಶಕದಲ್ಲಿ, ಹಿಂದೆ ಅಲ್ಲಿ ಮಳೆ ಹೆಚ್ಚಿತ್ತೆಂದೂ ಅದು ಕುಂದಿದ್ದಕ್ಕೂ ಸಿಂಧೂ ನಗರಗಳ ಅವನತಿಗೂ ಸಂಬಂಧವಿರಬಹುದೆಂದೂ ಹೇಳಿದರು. 1999ರಲ್ಲಿ ಲೂಣಕರಣಸರದ ಹೂಳನ್ನು ಇನ್ನಷ್ಟು ನಿಖರವಾಗಿ ಅಳೆದಾಗ, ಆ ಸರೋವರ ಬತ್ತಿದ್ದು ನಗರಗಳು ಏಳುವುದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಎಂದು ಕಂಡುಬಂತು. ಬರ ಬಂತು, ರಾಜ್ಯ ಮುಳುಗಿತು ಎಂಬ ಸರಳ ಕಥನಕ್ಕೆ ಹೂಳು ಸುಲಭವಾಗಿ ಒಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ದಕ್ಷಿಣದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ನೀಲಗಿರಿಯ ಜೌಗು ಮಣ್ಣಿನ ಕಾರ್ಬನ್ ಐಸೋಟೋಪುಗಳಿಂದ (ತೂಕದಲ್ಲಿ ಬೇರೆಬೇರೆಯಾದ ಕಾರ್ಬನ್ ಪರಮಾಣುಗಳಿಂದ) ಸುಮಾರು 20,000 ವರ್ಷಗಳ ಹವಾಮಾನದ ಏರಿಳಿತವನ್ನು ಬಿಡಿಸಿದರು.

ನಮ್ಮ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ್ದು ಲೋಣಾರ್. ವಿಜಯಪುರದಿಂದ ಉತ್ತರಕ್ಕೆ ಸುಮಾರು 350 ಕಿಲೋಮೀಟರ್ ದೂರದಲ್ಲಿ, ನಮ್ಮದೇ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಉಲ್ಕೆ ಬಿದ್ದು ಆದ ಕುಳಿಯಲ್ಲಿ ಈ ಸರೋವರವಿದೆ. ಅದರ ಹೂಳು ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ಒಂದು ದೀರ್ಘ ಒಣಗಾಲವನ್ನೂ, 2,000ದಿಂದ 600 ವರ್ಷಗಳ ಹಿಂದಿನವರೆಗೆ ಇನ್ನೊಂದನ್ನೂ ತೋರಿಸುತ್ತದೆ. ನೀರು ಬಹಳ ಇಂಗಿ ಉಪ್ಪು ಸಾಂದ್ರವಾದಾಗ ಮಾತ್ರ ಕಟ್ಟುವ ಗೇಲುಸೈಟ್ ಹರಳುಗಳು ಆ ಪದರುಗಳಲ್ಲಿ ಸಿಕ್ಕಿವೆ. ಎರಡನೆಯ ಒಣಗಾಲದ ಒಳಗೇ ಬಾದಾಮಿಯ ಚಾಲುಕ್ಯರೂ ರಾಷ್ಟ್ರಕೂಟರೂ ಕಲ್ಯಾಣದ ಚಾಲುಕ್ಯರೂ ಆಳಿ ಹೋದರು ಎಂಬುದು ಗಮನಾರ್ಹ. ಅವರ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪ್ರಸ್ತಾಪ ಮತ್ತೆ ಮತ್ತೆ ಬರುವುದಕ್ಕೂ ಮಳೆ ಕುಂದಿದ್ದಕ್ಕೂ ನಂಟು ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಲೋಣಾರಿನ ಮಳೆಯನ್ನು ಮಲಪ್ರಭೆಯ ಕಣಿವೆಗೆ ನೇರವಾಗಿ ತಂದು ಹಚ್ಚುವಂತಿಲ್ಲ. ಇಲ್ಲಿಯ ಉತ್ತರ ಇಲ್ಲಿಯ ಮಣ್ಣಿನಿಂದಲೇ ಬರಬೇಕು.

ಏಕೆಂದರೆ ಮಳೆಮಾಪಕದ ಲೆಕ್ಕ ನಮ್ಮಲ್ಲಿ ಬಹಳ ಹಿಂದಕ್ಕೆ ಹೋಗುವುದಿಲ್ಲ. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ, ಅದರ ಮರುವರ್ಷವೇ ಮುಂಬೈ ಕರ್ನಾಟಕವನ್ನು ಹಿಂಡಿದ 1876-78ರ ಮಹಾಕ್ಷಾಮ ಬಂತು. ತಲೆಬುರುಡೆಯ ಬರವೆಂದು ದಾಖಲೆಗಳಲ್ಲಿ ಉಳಿದ 1791-92ರ ಬರವಾಗಲಿ, ಹದಿನಾಲ್ಕನೆಯ ಶತಮಾನದ ಕೊನೆಗೆ ಶುರುವಾದ ದುರ್ಗಾದೇವಿ ಬರವಾಗಲಿ ಮಳೆಯ ಅಂಕಿಯಾಗಿ ನಮಗೆ ದಕ್ಕಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯನ್ನು ನೆಚ್ಚಿ ಬದುಕುವ ವಿಜಯಪುರದಂಥ ಜಿಲ್ಲೆಗೆ, ಇಂಥ ಬರಗಳು ಎಷ್ಟು ಕಾಲಕ್ಕೊಮ್ಮೆ ಬರುತ್ತವೆ ಎಂಬುದು ಬರಿಯ ಕುತೂಹಲದ ವಿಷಯವಲ್ಲ.

ಇಲ್ಲಿ ಆದಿಲಶಾಹಿ ಕೆರೆಗಳಿಗೆ ಒಂದು ವಿಶೇಷ ಬೆಲೆಯಿದೆ. ನೈಸರ್ಗಿಕ ಸರೋವರದ ತಳ ಯಾವ ಕಾಲದ್ದೆಂದು ಪ್ರಯೋಗಾಲಯ ಹೇಳಬೇಕು. ಮನುಷ್ಯರು ಕಟ್ಟಿದ ಕೆರೆಯ ತಳದ ವರ್ಷ ಮೊದಲೇ ಗೊತ್ತಿರುತ್ತದೆ. ಮೊಹಮ್ಮದ್ ಆದಿಲಶಹಾ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಲ್ಲಿ ಮೂಲ ತಳ ಎಲ್ಲಾದರೂ ಕೆದಕದೆ ಉಳಿದಿದ್ದರೆ, ಅಲ್ಲಿಯ ಅತ್ಯಂತ ಕೆಳಗಿನ ಪದರು ಆ ವರ್ಷದ ಮಳೆಗಾಲದ್ದು. ಔರಂಗಜೇಬ 1686ರಲ್ಲಿ ವಿಜಯಪುರವನ್ನು ಗೆದ್ದ ಬಳಿಕ ಊರು ಬರಿದಾದದ್ದು ಸುತ್ತಲ ಹೊಲಗಳಲ್ಲಿ ಎಷ್ಟು ಕಂಡಿತು, ಉಳುಮೆ ನಿಂತು ಕಳೆಗಿಡಗಳ ಪರಾಗ ಏರಿತೇ, 1791ರಲ್ಲಿ ಕೆರೆ ಪೂರ್ತಿ ಬತ್ತಿ ತಳ ಬಿರಿಯಿತೇ ಎಂಬುದನ್ನು ಅದರ ಮೇಲಿನ ಪದರುಗಳಲ್ಲಿ ಹುಡುಕಬಹುದು.

ಹುಡುಕುವುದು ಸುಲಭವಲ್ಲ, ಮತ್ತು ತೊಡಕುಗಳೆಲ್ಲ ನಮ್ಮ ಮಣ್ಣಿನವೇ. ಎರೆ ಮಣ್ಣು ಒಣಗಿದಾಗ ಬಾಯಿಬಿಡುತ್ತದೆ. ಕೆರೆ ಬತ್ತಿದ ವರ್ಷ ಮೇಲಿನ ಪುಡಿ ಆ ಬಿರುಕುಗಳಲ್ಲಿ ಇಳಿದು ಹಳೆಯ ಪದರನ್ನು ಸೇರುತ್ತದೆ. ಆದ್ದರಿಂದ ಬೇಸಿಗೆಯಲ್ಲಿಯೂ ಒಡ್ಡಿನ ಬಳಿ ತೇವ ಆರದ ಜಾಗವನ್ನೇ ಆರಿಸಬೇಕಾಗುತ್ತದೆ. ಎರೆಯೊಳಗಿನ ಸುಣ್ಣದ ಹರಳುಗಳಲ್ಲಿಯೂ ಬಾಗಲಕೋಟೆಯ ಸುಣ್ಣದಕಲ್ಲಿನಲ್ಲಿಯೂ ಬಹಳ ಹಳೆಯ ಕಾರ್ಬನ್ ಇರುವುದರಿಂದ, ಮಣ್ಣನ್ನು ಇಡಿಯಾಗಿ ಅಳೆದರೆ ಕಾರ್ಬನ್-14 ಅದರ ವಯಸ್ಸನ್ನು ನಿಜಕ್ಕಿಂತ ಹೆಚ್ಚಾಗಿ ಹೇಳುತ್ತದೆ. ಪದರಿನಲ್ಲಿ ಸಿಕ್ಕ ದಡದ ಗಿಡದ ಬೀಜವನ್ನೋ ಎಲೆಯನ್ನೋ ಆರಿಸಿ ಅಳೆಯಬೇಕು. ನೀಲಗಿರಿಯಲ್ಲಿ ಒದಗಿದ ಕಾರ್ಬನ್ ಐಸೋಟೋಪಿನ ವಿಧಾನಕ್ಕೂ ಇಲ್ಲಿ ಮಿತಿಯಿದೆ. ಒಣನೆಲದ ಹುಲ್ಲು, ಜೋಳ, ಸಜ್ಜೆ, ಕಬ್ಬು ಎಲ್ಲವೂ ಒಂದೇ ಬಗೆಯಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಗಿಡಗಳಾದ್ದರಿಂದ ಅವುಗಳ ಗುರುತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮಳೆಯಾಶ್ರಿತ ಜೋಳದ ಸೀಮೆ ಕಾಲುವೆ ನೀರಿನ ಕಬ್ಬಿನ ಸೀಮೆಯಾದ ದೊಡ್ಡ ಪಲ್ಲಟವನ್ನು ಆ ಅಳತೆ ಕಾಣದೆ ಹೋಗಬಹುದು. ಆಗ ಎಲೆಗಳೊಳಗೆ ಕಟ್ಟುವ ಫೈಟೋಲಿತ್ ಎಂಬ ಸಿಲಿಕಾ ಹರಳುಗಳ ಆಕಾರ ನೋಡಿ ಬೆಳೆಯನ್ನು ಗುರುತಿಸಬೇಕಾಗುತ್ತದೆ.

ಮಾಲಿನ್ಯದ ಪ್ರಶ್ನೆಗೆ ಬಂದರೆ ಹೂಳಿನ ಸಾಕ್ಷ್ಯ ಇನ್ನೂ ಅನಿವಾರ್ಯವಾಗುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ. ಅದು ಮಣ್ಣಿಗೆ ಅಂಟಿ ಮಳೆಯ ಜೊತೆ ಹಳ್ಳಕ್ಕಿಳಿಯುತ್ತದೆ. ಆದರೆ ಬಸಾಲ್ಟ್ ಬಂಡೆಯಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಸ್ವಭಾವತಃ ಹೆಚ್ಚು. ಕೆರೆಯ ಮೇಲಿನ ಮಣ್ಣನ್ನಷ್ಟೇ ಪರೀಕ್ಷೆಗೆ ಕಳಿಸಿ, ಬೇರೆ ದೇಶದ ಮಾನದಂಡಕ್ಕೆ ಹೋಲಿಸಿ ಕೆರೆ ಕೆಟ್ಟಿದೆ ಎಂದರೆ ಅದು ಬಂಡೆಯ ಮೇಲೆ ಹೊರಿಸಿದ ಆರೋಪವಾಗಬಹುದು. ಬಾದಾಮಿಯ ಮರಳುಗಲ್ಲಿನ ನಡುವಿನ ಕೊಳದಲ್ಲಿ ಅಂಕಿ ಕಡಿಮೆ ಬಂತೆಂದು ನೆಮ್ಮದಿಪಟ್ಟರೆ ಅದು ತಪ್ಪು ನೆಮ್ಮದಿಯಾಗಬಹುದು. ಕಲ್ಲು ಬದಲಾದಂತೆ ಸಹಜ ಮಟ್ಟವೂ ಬದಲಾಗುತ್ತದೆ. ಅದೇ ಕೆರೆಯ ಕೆಳಗಿನ, ಮೋಟಾರು-ಗೊಬ್ಬರಗಳಿಗಿಂತ ಹಿಂದಿನ ಪದರಿನಲ್ಲಿ ತಾಮ್ರ ಎಷ್ಟಿತ್ತು, ಮೇಲೆ ಎಷ್ಟಾಗಿದೆ ಎಂದು ಹೋಲಿಸುವುದೊಂದೇ ನ್ಯಾಯವಾದ ಅಳತೆ. ತಳದ ಪದರು ಹೋದರೆ ಆ ಅಳತೆಯೇ ಹೋಗುತ್ತದೆ.

ಬಾದಾಮಿಯ ಅಗಸ್ತ್ಯ ತೀರ್ಥ, ಜಲಾನಯನ ಚಿಕ್ಕದಾಗಿ ಸುತ್ತ ಬಂಡೆಯೇ ಇರುವುದರಿಂದ, ಗಾಳಿಯಿಂದ ಬಿದ್ದ ಸೀಸವನ್ನು ಅಳೆಯಲು ಒಳ್ಳೆಯ ಜಾಗ. ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಸೋಪಿನ ಪುಡಿಯ ರಂಜಕವೂ ಅಲ್ಲಿ ಪದರಾಗಿ ಸೇರುತ್ತಿರಬೇಕು. ಬೆಳಗಾವಿಯ ಕಪಿಲೇಶ್ವರ ಹೊಂಡ, ಜಕ್ಕೇರಿ ಹೊಂಡಗಳಂಥ ವಿಸರ್ಜನೆಯ ಹೊಂಡಗಳಲ್ಲಿ ಬಣ್ಣದ ಸೀಸ, ಕ್ರೋಮಿಯಂ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಂಧಕದ ಅಂಶವನ್ನು ನಿರೀಕ್ಷಿಸಬಹುದು. ಆದರೆ ಆಗಾಗ ಬರಿದು ಮಾಡಿ ಬಳಿಯುವ ಹೊಂಡಗಳು ಕಾಲಕ್ರಮದ ಲೆಕ್ಕಕ್ಕೆ ಒದಗುವುದಿಲ್ಲ. ಹತ್ತಿಯ ಹೊಲಗಳಿಂದ ಹರಿದ ಕೀಟನಾಶಕಗಳ ವಿಷಯದಲ್ಲಿ ಕಾನೂನೇ ಕಾಲಸೂಚಿಯಾಗಿದೆ: ಕೃಷಿಯಲ್ಲಿ ಡಿಡಿಟಿ 1989ರಲ್ಲಿ, ಬಿಎಚ್‌ಸಿ 1997ರಲ್ಲಿ ನಿಷೇಧವಾದವು, ಎಂಡೋಸಲ್ಫಾನ್ 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಆ ವರ್ಷಗಳ ಮೇಲಿನ ಪದರುಗಳಲ್ಲಿಯೂ ಇವು ಇಳಿಯದಿದ್ದರೆ, ಹಳೆಯ ಹೊಲದ ಮಣ್ಣು ಈಗಲೂ ಕೊಚ್ಚಿ ಬರುತ್ತಿದೆಯೋ ಅಥವಾ ಕದ್ದು ಬಳಕೆಯಾಗುತ್ತಿದೆಯೋ ಎಂದು ಕೇಳಬೇಕಾಗುತ್ತದೆ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಸೀಸದ ಗೆರೆ ಅಲ್ಲಿಂದ ಇಳಿಯಬೇಕು, ಇಳಿಯದಿದ್ದರೆ ಬ್ಯಾಟರಿ ಕರಗಿಸುವ ಒಲೆಗಳ ಕಡೆಗೂ ಬಣ್ಣಗಳ ಕಡೆಗೂ ನೋಡಬೇಕು.

ಕಳೆದ ದಶಕದಿಂದ ಇನ್ನೊಂದು ಬದಲಾವಣೆ ಸೇರಿದೆ. ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಮಮದಾಪುರದಂಥ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬತ್ತಿದ ಕೆರೆಗೆ ನೀರು ಬಂದದ್ದು, ಸುತ್ತಲ ಬಾವಿಗಳು ಚೇತರಿಸಿಕೊಂಡದ್ದು ಬಹಳ ದೊಡ್ಡ ಸಂಗತಿ. ಹೂಳಿನ ಮಟ್ಟಿಗೆ ಮಾತ್ರ, ಇನ್ನು ಮುಂದಿನ ಪದರುಗಳು ಆ ಊರಿನ ಮಳೆಯನ್ನಲ್ಲ, ದೂರದ ಸಹ್ಯಾದ್ರಿಯ ಮಳೆಯನ್ನೂ ನದಿಯ ದಂಡೆಯ ಕಬ್ಬಿನ ಹೊಲ ಮತ್ತು ಪಟ್ಟಣಗಳ ರಾಸಾಯನಿಕವನ್ನೂ ಹೇಳುತ್ತವೆ. ಊರಿನ ಸ್ವಂತ ಮಳೆಯ ಲೆಕ್ಕ ಅದರ ಕೆಳಗಿನ ಪದರುಗಳಿಗೇ ಮುಗಿಯಿತು.

ಹೂಳೆತ್ತುವುದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಬರದ ಸೀಮೆಯಲ್ಲಿ ಹಾಗೆ ಹೇಳುವುದು ಅನ್ಯಾಯ. ಜೇಸಿಬಿ ಇಳಿಯುವ ಮುನ್ನ ಕೆರೆಯ ಆಳದ ಕಡೆ, ತೇವ ಆರದ ಎರಡು ಮೂರು ಜಾಗಗಳಲ್ಲಿ, ಗಟ್ಟಿ ಪಿವಿಸಿ ಕೊಳವೆಯನ್ನು ತಳದ ಹಳೆಯ ನೆಲ ತಾಗುವವರೆಗೆ ಇಳಿಸಿ, ಎರಡೂ ಬಾಯಿ ಮುಚ್ಚಿ, ಮೇಲು-ಕೆಳಗು ಗುರುತು ಹಾಕಿ, ಜಾಗ ಮತ್ತು ದಿನಾಂಕ ಬರೆದು, ತಂಪಾದ ಕೋಣೆಯಲ್ಲಿ ಇಡುವುದು ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಒಂದು ಸಾಲಾಗಬೇಕೆಂಬುದು ನನ್ನ ಬೇಡಿಕೆ. ಮೂರೂ ಜಿಲ್ಲೆಗಳ ಕಾಲೇಜುಗಳಲ್ಲಿ ಭೂಗೋಳ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ಪರಾಗದ ಎಣಿಕೆಗೆ ಲಖನೌದಲ್ಲಿ 1946ರಿಂದ ಇರುವ ಬೀರಬಲ್ ಸಾಹ್ನಿ ಸಂಸ್ಥೆಯೂ, ಸೀಸ-210ರ ಅಳತೆಗೆ ದೇಶದ ಪ್ರಯೋಗಾಲಯಗಳೂ ಇವೆ. ಅಳತೆಗೆ ಹಣ ಈ ವರ್ಷ ಇಲ್ಲದಿದ್ದರೆ ಹತ್ತು ವರ್ಷಗಳ ಬಳಿಕ ಸಿಗಬಹುದು, ಅಲ್ಲಿಯವರೆಗೆ ಕೊಳವೆ ಕಾಯುತ್ತದೆ. ಟಿಪ್ಪರಿನಲ್ಲಿ ಹೊಲಕ್ಕೆ ಹೋಗಿ ನೇಗಿಲಿಗೆ ಸಿಕ್ಕ ಹೂಳನ್ನು ಮತ್ತೆ ಪದರಾಗಿ ಜೋಡಿಸಲು ಬರುವುದಿಲ್ಲ.